ಅಗಡಿ ದಾರಿಗೊಂದು ಇರುಳುಗನ್ನಡಕ

ನಬಿಸಾಬರು ಮದುವೆಮನೆಗೆ ಕಾಲಿಟ್ಟೊಡನೆ ಕೇಳುತ್ತಿದ್ದದ್ದು ಚಹವನ್ನಲ್ಲ, ಒಂದು ಬಿಳಿ ಅರಿವೆಯನ್ನು. ಬ್ಯಾಡಗಿ ಮತ್ತು ಸುತ್ತಲಿನ ಹಳ್ಳಿಗಳ ಮದುವೆಗಳಲ್ಲಿ ವಿಡಿಯೋ ತೆಗೆಯುವುದು ಅವರ ಕಸುಬು. ಹಂದರದ ದೀಪದ ಕೆಳಗೆ ಯಾರನ್ನಾದರೂ ನಿಲ್ಲಿಸಿ, ಕೈಯಲ್ಲಿ ಆ ಅರಿವೆ ಕೊಟ್ಟು, ಕ್ಯಾಮೆರಾ ಅದನ್ನು ಬಿಳಿ ಎಂದು ಒಪ್ಪಿಕೊಳ್ಳುವವರೆಗೆ ಗುಂಡಿ ಒತ್ತಿ ಕಾಯುತ್ತಿದ್ದರು. ಅಲ್ಲಿಯವರೆಗೆ ಮದುಮಗಳೇ ಬಂದು ಎದುರು ನಿಂತರೂ ತೆಗೆಯುವವರಲ್ಲ. ಒಮ್ಮೆ ಅವಸರದಲ್ಲಿ ಈ ನೇಮ ತಪ್ಪಿ, ಒಬ್ಬ ಮದುಮಗಳ ಹಸಿರು ಸೀರೆ ಕ್ಯಾಸೆಟ್ಟಿನಲ್ಲಿ ಮಣ್ಣಿನ ಬಣ್ಣಕ್ಕೆ ಬಂದಿತ್ತು. ಹುಡುಗಿಯ ತಾಯಿ ನಬಿಸಾಬರ ವಿಡಿಯೋ ಅಂಗಡಿಗೆ ಬಂದಳು. ಬೈಯಲಿಲ್ಲ. ಆ ಸೀರೆಯನ್ನೇ ತಂದು ಮೇಜಿನ ಮೇಲೆ ಹಾಸಿ, ಸ್ವಲ್ಪ ಹೊತ್ತು ನಿಂತು, ಮಡಿಚಿಕೊಂಡು ಹೋದಳು. ಆ ಸೀರೆಯ ಸಂಗತಿಯನ್ನು ನಬಿಸಾಬರು ಮಗಳಿಗೆ ಎಷ್ಟು ಸಲ ಹೇಳಿದ್ದಾರೋ ಅವರಿಗೇ ಗೊತ್ತಿಲ್ಲ.

ಮಗಳು ಶಬನಮ್. ಶಾಲೆಗೆ ರಜೆ ಇದ್ದ ದಿನ ಬಿಳಿ ಅರಿವೆ ಹಿಡಿದು ನಿಲ್ಲುವ ಕೆಲಸ ಅವಳದು. ಬಣ್ಣ ತಪ್ಪುವುದು ಸಣ್ಣ ತಪ್ಪಲ್ಲ ಎಂಬುದು ಆ ಹುಡುಗಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠವಾಗಿತ್ತು.

ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್, ಆಮೇಲೆ ಹಾವೇರಿಯಲ್ಲಿ ಇಂಜಿನಿಯರಿಂಗ್. ಓದು ಮುಗಿದ ಮೇಲೆ ತಂದೆಯ ಅಂಗಡಿಯ ಅರ್ಧ ಭಾಗದಲ್ಲೇ ಸಿಸಿಟಿವಿ ಕ್ಯಾಮೆರಾ ಕೂಡಿಸುವ ಕೆಲಸ ಹಿಡಿದಳು. ಮೆಣಸಿನಕಾಯಿಯ ಊರು. ಕೋಲ್ಡ್ ಸ್ಟೋರೇಜುಗಳಿಗೆ, ದಲ್ಲಾಳಿಗಳ ಅಡತಿ ಅಂಗಡಿಗಳಿಗೆ, ಕಾಯಿ ಒಣಹಾಕುವ ಬಯಲುಗಳಿಗೆ ಕ್ಯಾಮೆರಾ ಬೇಕೇ ಬೇಕು. ಸಲ್ವಾರದ ಮೇಲೆ ತಂದೆಯ ಹಳೆಯ ಅಂಗಿ ತೊಟ್ಟು ಅವಳು ಏಣಿ ಹತ್ತುವುದನ್ನು ನೋಡಿ ಮೊದಮೊದಲು ಜನ ನಕ್ಕರು. ಒಬ್ಬ ಅಡತಿ ಸಾಹುಕಾರ ಕೆಳಗೆ ನಿಂತು, ನಬಿಸಾಬರೇ, ಏಣಿ ಹಿಡಿಯಲಿಕ್ಕಾದರೂ ಒಬ್ಬ ಅಳಿಯನನ್ನು ನೋಡಿರಿ ಎಂದು ಚೇಷ್ಟೆ ಮಾಡಿದ. ಉತ್ತರ ಮೇಲಿನಿಂದ ಬಂತು.

"ಗ್ವಾಡಿಗೆ ಆನಿಸಿದ್ರ ಏಣಿ ತಾನ ನಿಲ್ತೈತ್ರಿ ಸಾವ್ಕಾರ್ರ. ಅಳಿಯಗ ಊಟಕ್ಕ ಬ್ಯಾರೆ ಹಾಕಬೇಕು."

ಆ ವರ್ಷ ಆ ಸಾಹುಕಾರನ ಅಂಗಡಿಗೂ ಕ್ಯಾಮೆರಾ ಕೂಡಿಸಿದವಳು ಅವಳೇ.

ಕತ್ತಲೆಯ ಬಣ್ಣಗಳು ಅವಳ ತಲೆ ಹೊಕ್ಕದ್ದು ಒಂದು ಕಳವಿನಿಂದ. ಊರ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿನಿಂದ ಒಂದು ಚೀಲ ಕಾಯಿ ಹೋಯಿತು. ಅವಳು ಕೂಡಿಸಿದ್ದ ಕ್ಯಾಮೆರಾದಲ್ಲಿ ಕಳ್ಳ ಬೆನ್ನು ತೋರಿಸಿ ನಡೆದು ಹೋಗುತ್ತಿದ್ದ. ಮೈಮೇಲೆ ಬಿಳಿ ಅಂಗಿ. ಅಲ್ಲಿನ ಹಮಾಲರಲ್ಲಿ ಬಿಳಿ ಅಂಗಿ ತೊಡುವವನು ಮೈಲಾರೆಪ್ಪ ಒಬ್ಬನೇ. ಇಡೀ ದಿನ ಅವನನ್ನು ಕೂಡ್ರಿಸಿ ಕೇಳಿದರು. ಸುದ್ದಿ ತಿಳಿದು ಶಬನಮ್ ಓಡಿ ಬಂದಳು. ಇರುಳಿನಲ್ಲಿ ಈ ಕ್ಯಾಮೆರಾ ನೋಡುವುದು ನಮ್ಮ ಕಣ್ಣಿಗೆ ಕಾಣದ ಬೇರೊಂದು ಬೆಳಕಿನಲ್ಲಿ, ಆ ಬೆಳಕಿಗೆ ಕೆಲವು ಕರಿ ಅರಿವೆಗಳೂ ಬೆಳ್ಳಗೆ ಕಾಣುತ್ತವೆ ಎಂದು ಹೇಳಿದಳು. ಯಾರೂ ನಂಬಲಿಲ್ಲ. ಆಗ ಗೋದಾಮಿನ ದೀಪ ಆರಿಸಿ ತನ್ನ ಕರಿ ಬುರ್ಖಾವನ್ನೇ ಕ್ಯಾಮೆರಾದ ಮುಂದೆ ಹಿಡಿದಳು. ಪರದೆಯ ಮೇಲೆ ಅದು ಹಾಲಿನ ಹಾಗೆ ಬೆಳ್ಳಗಿತ್ತು. ಮೈಲಾರೆಪ್ಪನನ್ನು ಬಿಟ್ಟರು. ಅವನು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡು, ಅವಳ ಮುಖ ನೋಡದೆ, ಗೇಟು ದಾಟಿ ಹೋದ.

ಇರುಳಿನಲ್ಲೂ ಬಣ್ಣ ಖರೇ ಕಾಣುವ ಒಂದು ಕ್ಯಾಮೆರಾ ಮಾಡಬೇಕು ಎಂದು ಅವಳಿಗೆ ಅನಿಸಿದ್ದು ಅಂದು. ಒಬ್ಬಳಿಂದ ಆಗುವ ಕೆಲಸವಾಗಿರಲಿಲ್ಲ. ರಾಣೆಬೆನ್ನೂರಿನಲ್ಲಿ ಅವಳ ಕಾಲೇಜಿನ ಗೆಳೆಯ ಕೌಸ್ತುಭನಿದ್ದ. ಬೀಜದ ವ್ಯಾಪಾರದ ಆ ಊರಿನಲ್ಲಿ ಟೊಮೇಟೊ, ಬದನೆ ಬೀಜಗಳನ್ನು ಬಣ್ಣ ನೋಡಿ ಆರಿಸುವ ಯಂತ್ರಗಳಿವೆ. ಆ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವುದು ಅವನ ಕೆಲಸ. ಶಬನಮ್ ಹೇಳಿದ್ದನ್ನು ಕೇಳಿ ಅವನು ಮೊದಲು ಆಗುವುದಿಲ್ಲ ಎಂದ. ಮರುದಿನ ಫೋನ್ ಮಾಡಿ, ಆಗುವುದಿಲ್ಲ, ಆದರೆ ಮಾಡಿ ನೋಡೋಣ ಎಂದ.

ಕೌಸ್ತುಭನ ಅಜ್ಜಿ ಜಾನಕೀಬಾಯಿ ತಮ್ಮ ಮನೆಯ ಪಡಸಾಲೆಯ ಪಕ್ಕದ ಕೋಣೆಯನ್ನು ಇವರಿಗೆ ಬಿಟ್ಟುಕೊಟ್ಟರು. ಬೆಸುಗೆಯ ಹೊಗೆ ದೇವರ ಮನೆಯ ಕಡೆಗೆ ಬರಬಾರದು ಎಂಬುದೊಂದೇ ಅವರ ಕರಾರು. ಅದಕ್ಕೆಂದು ಶಬನಮ್ ಕಿಟಕಿಗೆ ಒಂದು ಫ್ಯಾನು ಕೂಡಿಸಿದಳು. ಹೊಗೆ ಬೀದಿಗೆ ಹೋಗತೊಡಗಿತು. ಜಾನಕೀಬಾಯಿ ಅಡುಗೆಮನೆಗೂ ಒಂದು ಕೂಡಿಸಲು ಹೇಳಿದರು.

ಆ ಕೋಣೆಯಲ್ಲಿ ನಡೆದ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು. ಕತ್ತಲೆ ಎಂದರೆ ಬೆಳಕು ಇಲ್ಲವೆಂದಲ್ಲ, ಬಹಳ ಕಡಿಮೆ ಇದೆ ಎಂದು. ಆ ಚೂರು ಬೆಳಕನ್ನು ಹಿಡಿಯುವ ಕ್ಯಾಮೆರಾ ಸಿಗುತ್ತದೆ, ಆದರೆ ಅದರ ಚಿತ್ರ ರವೆ ಚೆಲ್ಲಿದ ಹಾಗಿರುತ್ತದೆ. ಒಂದರ ಹಿಂದೆ ಒಂದು ಬರುವ ಹಲವು ಚಿತ್ರಗಳನ್ನು ಕೂಡಿಸಿದರೆ ರವೆ ಕರಗಿ ಆಕಾರ ಉಳಿಯುತ್ತದೆ. ಬಣ್ಣ ಮಾತ್ರ ಅಷ್ಟರಿಂದ ಬರುವುದಿಲ್ಲ. ಅದನ್ನು ಪ್ರೋಗ್ರಾಮಿಗೆ ಕಲಿಸಬೇಕು. ಒಂದು ಜಾಗದಲ್ಲಿ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ ಹಗಲಿನಲ್ಲಿ ಒಂದು ಚಿತ್ರ, ಕತ್ತಲಾದ ಮೇಲೆ ಅದೇ ಜಾಗದ ಇನ್ನೊಂದು ಚಿತ್ರ ತೆಗೆಯಬೇಕು. ಇಂಥ ಜೋಡಿಗಳನ್ನು ಸಾವಿರ ಸಾವಿರ ತೋರಿಸಿದರೆ, ಕತ್ತಲೆಯಲ್ಲಿ ಹೀಗೆ ಕಂಡದ್ದು ಹಗಲಿನಲ್ಲಿ ಯಾವ ಬಣ್ಣದ್ದು ಎಂದು ಅದು ಕಲಿಯುತ್ತಾ ಹೋಗುತ್ತದೆ. ಆಮೇಲೆ ಬಂದ ಚಿತ್ರಕ್ಕೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಣ್ಣ ಕೂಡಿಸಿ ಕಣ್ಣ ಮುಂದಿನ ಪುಟ್ಟ ಪರದೆಗಳಿಗೆ ಕಳಿಸಬೇಕು. ತಡವಾದರೆ, ಕತ್ತು ತಿರುಗಿಸಿದಾಗ ಲೋಕ ಹಿಂದಿನಿಂದ ತೇಲಿ ಬಂದಂತಾಗಿ ತಲೆ ಸುತ್ತುತ್ತದೆ.

ಮೊದಲ ಮಾದರಿಯನ್ನು ಮೋಟಾರ್‌ಸೈಕಲ್ ಹೆಲ್ಮೆಟ್ಟಿಗೆ ಕಟ್ಟಿದ್ದರು. ಸೊಂಟಕ್ಕೆ ಬ್ಯಾಟರಿಯ ಚೀಲ, ಬೆನ್ನಿಗೆ ಕಂಪ್ಯೂಟರಿನ ಹಲಗೆ. ಅದನ್ನು ಹಾಕಿಕೊಂಡು ಕೌಸ್ತುಭ ಹಿತ್ತಲಲ್ಲಿ ಅಡ್ಡಾಡುವುದನ್ನು ಕಂಡು ಜಾನಕೀಬಾಯಿ, ಮೊಮ್ಮಗ ಚಂದ್ರಲೋಕಕ್ಕೆ ಹೊರಟಿದ್ದಾನೆ, ಉಪ್ಪಿಟ್ಟು ಕಟ್ಟಿಕೊಡಲೇ ಎಂದು ಕೇಳಿದರು. ಅವರ ಹರಟೆಯ ನಡುವೆಯೇ ಹೆಲ್ಮೆಟ್ಟು ಹೋಗಿ ಹಣೆಪಟ್ಟಿಯಾಯಿತು. ಹಣೆಪಟ್ಟಿ ಹೋಗಿ ಬಾವಿಗಿಳಿಯುವವರ ಈಜುಗನ್ನಡಕದಷ್ಟು ಗಾತ್ರದ ಒಂದು ವಸ್ತುವಾಯಿತು. ಬೆನ್ನಿನ ಹಲಗೆ ಅಂಗೈಯಗಲದ ಡಬ್ಬಿಯಾಗಿ ಸೊಂಟಕ್ಕಿಳಿಯಿತು.

ಅಲ್ಲಿಯವರೆಗೆ ಅದು ಕಾವಲುಗಾರರಿಗೆಂದು ಮಾಡುತ್ತಿದ್ದ ವಸ್ತು. ಸಾನಿಯಾ ಬಂದ ಮೇಲೆ ಬದಲಾಯಿತು.

ಸಾನಿಯಾ ಶಬನಮ್‌ಳ ಖಾಲಾನ ಮಗಳು, ಅಂದರೆ ತಾಯಿಯ ತಂಗಿಯ ಮಗಳು. ಹಾವೇರಿ ಹತ್ತಿರದ ಅಗಡಿಯವಳು. ಹಗಲಿನಲ್ಲಿ ತಂದೆಗೆ ಸೂಜಿಗೆ ದಾರ ಪೋಣಿಸಿಕೊಡುವ ಹುಡುಗಿ, ಹೊತ್ತು ಮುಳುಗಿತೆಂದರೆ ಗೋಡೆ ಹಿಡಿದು ನಡೆಯುತ್ತಾಳೆ. ಹುಟ್ಟಿನಿಂದ ಬಂದ ಇರುಳುಗಣ್ಣು. ಮದ್ದಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ಬಹಳ ವರ್ಷವಾಗಿತ್ತು. ಒಂದು ಹಬ್ಬಕ್ಕೆ ಬ್ಯಾಡಗಿಗೆ ಬಂದವಳು, ಕತ್ತಲಾದ ಮೇಲೆ ಹಿತ್ತಲ ಕಟ್ಟೆಯಲ್ಲಿ ಕೂತು ಆ ಕನ್ನಡಕವನ್ನು ಏರಿಸಿಕೊಂಡಳು. ಎಂದೂ ಬಾಯಿ ಮುಚ್ಚದ ಹುಡುಗಿ ಮುಖ ಮೇಲೆ ಮಾಡಿ ಹಾಗೇ ಕೂತುಬಿಟ್ಟಳು. ಶಬನಮ್ ಗಾಬರಿಯಾಗಿ ಏನಾಯಿತೆಂದು ಕೇಳಿದಳು.

"ಏನಿಲ್ಲ ಆಪಾ. ನಿಮ್ಮ ಹಿತ್ತಲದಾಗ ನುಗ್ಗಿ ಗಿಡ ಐತಿ ಅಂತ ಗೊತ್ತಿತ್ತು. ಇಷ್ಟು ಎತ್ತರ ಐತಿ ಅಂತ ಗೊತ್ತಿರಲಿಲ್ಲ. ರಾತ್ರಿ ಯಾವಾಗ ಕತ್ತೆತ್ತಿ ನೋಡೀನಿ ನಾ."

ಅಂದಿನಿಂದ ಅದು ಸಾನಿಯಾಳ ಕನ್ನಡಕವಾಯಿತು. ಅವಳಿಗೆ ಅದರ ಗರಜೂ ಇತ್ತು. ಹಾವೇರಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಪ್ರ್ಯಾಕ್ಟಿಕಲ್ ಮುಗಿಸಿ ಬಸ್ಸು ಹಿಡಿದರೆ ಚಳಿಗಾಲದಲ್ಲಿ ಅಗಡಿಯಲ್ಲಿ ಇಳಿಯುವ ಹೊತ್ತಿಗೆ ಕತ್ತಲು. ಮನೆ ಊರ ಆಚೆಯ ತುದಿಗೆ. ಬ್ಯಾಟರಿ ಹಿಡಿದರೆ ತಟ್ಟೆಯಗಲದ ನೆಲ ಕಾಣುತ್ತಿತ್ತು. ಎದುರಿನಿಂದ ಒಂದು ಗಾಡಿ ದೀಪ ಹೊಡೆದರೆ ಅದೂ ಇಲ್ಲ. ಮೊದಲ ವರ್ಷ ಅದೇ ಓಣಿಯ ಹರಿಪ್ರಿಯಾ ಜೊತೆಗಿದ್ದಳು. ಅವಳ ಕೈ ಹಿಡಿದು, ಗೆಳತಿಯರು ಹಾಗೇ ನಡೆಯುತ್ತಾರೆ ಎನ್ನುವಂತೆ, ಸಾನಿಯಾ ನಗುನಗುತ್ತ ಮನೆ ಮುಟ್ಟುತ್ತಿದ್ದಳು. ಹರಿಪ್ರಿಯಾಳ ಓದು ಮುಗಿಯಿತು. ಈಗ ದಿನಾ ಸಂಜೆ ತಂದೆ ಅಬ್ದುಲರಜಾಕರು ಟೇಲರ್ ಅಂಗಡಿಯ ಬಾಗಿಲು ಎಳೆದು ಬಸ್ ಸ್ಟ್ಯಾಂಡಿಗೆ ಬರಬೇಕು. ಹೊಲಿಸಲು ಕೊಟ್ಟವರು ಬರುವುದೂ ಅದೇ ಹೊತ್ತಿಗೆ. ಅವರು ಮಗಳಿಗೆ ಒಂದು ಮಾತೂ ಅಂದವರಲ್ಲ. ಆದರೆ ಬಸ್ಸು ತಡವಾದ ದಿನ ಅವರು ಕೈ ಹಿಡಿದು ನಡೆಸುವ ಅವಸರದಿಂದಲೇ, ಈ ಓದು ಮುಂದಿನ ವರ್ಷ ಇರುವುದಿಲ್ಲ ಎಂದು ಸಾನಿಯಾಳಿಗೆ ಅನಿಸತೊಡಗಿತ್ತು.

ಆದ್ದರಿಂದ ಕನ್ನಡಕ ಸಿದ್ಧವಾಯಿತು ಎಂದು ಶಬನಮ್ ಹೇಳಿದಾಗ ಹೆಚ್ಚು ಖುಷಿಪಟ್ಟವರು ಅವಳ ಖಾಲೂ, ಸಾನಿಯಾಳ ತಂದೆಯೇ. ಸಿದ್ಧವಾಗಿದೆ ಎನ್ನಲು ಆಧಾರವೂ ಇತ್ತು. ಬ್ಯಾಡಗಿಯ ಬಯಲುಗಳಲ್ಲಿ ಎಷ್ಟೋ ಸಂಜೆ ಅದನ್ನು ಪರೀಕ್ಷಿಸಿದ್ದರು. ಕತ್ತಲೆಯಲ್ಲಿ ಕಾಯಿಯ ರಾಶಿ ಕೆಂಪಗೆ, ತಾಡಪತ್ರಿ ನೀಲಿಯಾಗಿ, ಬೇವಿನ ಗಿಡ ಹಸಿರಾಗಿ ಕಾಣುವುದನ್ನು ನೋಡಿ ನಬಿಸಾಬರು ಕನ್ನಡಕ ತೆಗೆದು ಮಗಳ ಕೈಗೆ ಕೊಟ್ಟು, ದೂರ ಹೋಗಿ ಒಬ್ಬರೇ ನಿಂತಿದ್ದರು.

ಸಾನಿಯಾ ಅದನ್ನು ಹಾಕಿಕೊಂಡು ಒಬ್ಬಳೇ ಬಸ್ಸಿಳಿದು ಮನೆಗೆ ಹೊರಟ ಮೊದಲ ಸಂಜೆಯೇ ಗಟಾರಕ್ಕೆ ಬಿದ್ದಳು.

ಕಾಲು ಉಳುಕಿತ್ತು. ಕನ್ನಡಕದ ಒಂದು ಗಾಜು ಒಡೆದಿತ್ತು. ಶಬನಮ್ ಹೋಗುವ ಹೊತ್ತಿಗೆ ಸಾನಿಯಾ ಹೊರಸಿನ ಮೇಲೆ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದಳು. ತಪ್ಪು ತನ್ನದೆಂಬಂತೆ ಅವಳೇ ಸಮಾಧಾನ ಹೇಳಿದಳು.

"ದಾರಿ ಛಂದ ಕಾಣಾಕತ್ತಿತ್ತು ಆಪಾ. ನಡುವ ಯಾರೋ ಮೆಣಸಿನಕಾಯಿ ಹಾಸಿದ್ರು. ಚಪ್ಪಲಿ ಕಾಲಿಲೆ ಬೆಳಿ ತುಳಿಯೂದು ಹೆಂಗ? ಕಣ್ಣು ಕಾಯಿ ಮ್ಯಾಲೇ ಇಟ್ಟು ಬದಿಗೆ ಸರದೆ. ಅಲ್ಲಿ ಗಟಾರ ಇತ್ತು."

ಅಬ್ದುಲರಜಾಕರು ಬಾಗಿಲ ಬಳಿ ನಿಂತಿದ್ದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ.

"ಕಾಣದಿದ್ದಾಗ ಆಕಿ ಒಂದೊಂದ ಹೆಜ್ಜಿ ತಡವಿ ತಡವಿ ಇಡ್ತಿದ್ಲು ಬೇಟಾ. ಬೀಳಲಿಲ್ಲ. ನೀ ಕಾಣೂ ಹಂಗ ಮಾಡಿದಿ, ನಂಬಿದ್ಲು, ಬಿದ್ಲು. ಸಾಕಿನ್ನ. ಮನ್ಯಾಗ ಕುಂತು ಹೊಲಿಗಿ ಕಲೀಲಿ."

ಸಾನಿಯಾ ಬೇಡಿಕೊಂಡು, ಕಾಲು ವಾಸಿಯಾಗುವವರೆಗೆ ಯಾವ ನಿರ್ಧಾರವನ್ನೂ ಮಾಡಬಾರದು ಎಂದು ತಂದೆಯಿಂದ ಮಾತು ಪಡೆದಳು. ಕಾಲಿನ ಬಾವು ಇಳಿಯುವುದರೊಳಗೆ ಏನಾದರೂ ಆಗಬೇಕಿತ್ತು.

ಮರುದಿನ ಬೆಳಿಗ್ಗೆ ಶಬನಮ್ ಆ ಜಾಗಕ್ಕೆ ಹೋಗಿ ನೋಡಿದಳು. ಮೆಣಸಿನಕಾಯಿಯ ಒಂದು ತೊಟ್ಟೂ ಇರಲಿಲ್ಲ. ಗೋವಿನಜೋಳದ ಸಿಪ್ಪೆ ದಾರಿಯ ತುಂಬ ಹರಡಿತ್ತು. ಎರಡು ದಿನದ ಹಿಂದೆ ಯಾರೋ ಅಲ್ಲಿ ಮಶೀನಿಗೆ ತೆನೆ ಹಾಕಿಸಿದ್ದರಂತೆ. ತುಳಿದುಕೊಂಡು ಹೋಗಬೇಕಾದ ಕಸ ಅದು. ಇಲ್ಲಿ ಮೆಣಸಿನಕಾಯಿ ಒಣಹಾಕುತ್ತಾರೆಯೇ ಎಂದು ಕೇಳಿದರೆ, ಕಸ ಗುಡಿಸುತ್ತಿದ್ದ ಮರಿಯವ್ವ ಎಂಬ ಮುದುಕಿ ಇವಳನ್ನು ಮೇಲಿನಿಂದ ಕೆಳಗೆ ನೋಡಿ, ಮೆಣಸಿನಕಾಯಿ ಬೇಕಾಗಿದ್ದರೆ ಬ್ಯಾಡಗಿಗೆ ಹೋಗವ್ವಾ ಎಂದಳು.

ರಸ್ತೆಯ ಬದಿಯಲ್ಲೇ ಸ್ಕೂಟಿ ನಿಲ್ಲಿಸಿ ಶಬನಮ್ ಕೌಸ್ತುಭನಿಗೆ ಫೋನ್ ಮಾಡಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಅರ್ಥವಾಗತೊಡಗಿತು. ಹಗಲು-ಕತ್ತಲೆಯ ಜೋಡಿ ಚಿತ್ರಗಳೆಲ್ಲ ಬ್ಯಾಡಗಿಯವು. ಅವಳ ಕೆಲಸ ಇದ್ದದ್ದು ಅಲ್ಲಿ, ಒಳಗೆ ಬಿಡುವ ಜನ ಇದ್ದದ್ದು ಅಲ್ಲಿ, ಅದೂ ಸುಗ್ಗಿಯ ಕಾಲದಲ್ಲಿ. ಬ್ಯಾಡಗಿಯಲ್ಲಿ ನೆಲದ ಮೇಲೆ ಹಾಸಿದ್ದು ಎಂದರೆ ಮೆಣಸಿನಕಾಯಿ. ಯಂತ್ರ ಅದನ್ನೇ ಕಲಿತಿತ್ತು: ನೆಲದ ಮೇಲೆ ಚೂರುಚೂರಾಗಿ ಹರಡಿದ್ದೆಲ್ಲ ಕೆಂಪು. ಪರೀಕ್ಷೆ ಮಾಡಿದ್ದೂ ಬ್ಯಾಡಗಿಯಲ್ಲೇ ಆದ್ದರಿಂದ ಪ್ರತಿ ಸಲವೂ ಅದು ಪಾಸಾಗಿತ್ತು.

ಕೌಸ್ತುಭ ಒಮ್ಮೆ ನಕ್ಕ. ಯಂತ್ರ ಬ್ಯಾಡಗಿ ಬಿಟ್ಟು ಎಲ್ಲೂ ಹೋಗಿಲ್ಲ, ಅದಕ್ಕೆ ಊರು ತೋರಿಸಬೇಕು ಎಂದ. ತಿಂಗಳುಗಟ್ಟಲೆ ಮಾಡಿದ್ದನ್ನು ಈಗ ಕೆಲವೇ ವಾರಗಳಲ್ಲಿ ಮತ್ತೆ ಮೊದಲಿನಿಂದ ಮಾಡಬೇಕಿತ್ತು.

ಊರು ತೋರಿಸಿದರು. ಸ್ಕೂಟಿಯ ಹಿಂದೆ ಸ್ಟ್ಯಾಂಡು ಕಟ್ಟಿಕೊಂಡು ಮಧ್ಯಾಹ್ನ ಹೊರಡುವುದು, ಒಂದು ಜಾಗ ಹಿಡಿದು ಬಿಸಿಲಿನಲ್ಲಿ ಚಿತ್ರ ತೆಗೆಯುವುದು, ಕ್ಯಾಮೆರಾ ಅಲುಗದಂತೆ ಕಾಯ್ದುಕೊಂಡು ಕತ್ತಲಾಗುವವರೆಗೆ ಅಲ್ಲೇ ಕೂಡುವುದು. ನಬಿಸಾಬರು ತಮ್ಮ ಮದುವೆಗಳನ್ನು ಬೇರೆಯವರಿಗೆ ವಹಿಸಿ ತಾವೂ ಒಂದು ಕ್ಯಾಮೆರಾ ಹಿಡಿದು ಬಂದರು. ದೇವರಗುಡ್ಡದ ಮೆಟ್ಟಿಲ ಮೇಲೆ ಉದುರಿದ ಭಂಡಾರದ ಹಳದಿ, ರಾಣೆಬೆನ್ನೂರಿನ ಸಂತೆಯಲ್ಲಿ ಉಳಿದ ಈರುಳ್ಳಿ ಸಿಪ್ಪೆ, ಅಗಡಿಯ ಕೆರೆದಂಡೆಯ ಕೆಸರು, ಬಿಳಿಜೋಳದ ಕಣಿಕೆಯ ದಂಟು, ಜಲ್ಲಿಕಲ್ಲು, ಸಗಣಿ, ಒಣಗಿದ ಬೇವಿನೆಲೆ. ಜನ ತುಳಿಯುವ, ದಾಟುವ, ಸುತ್ತುಹಾಕುವ ಪ್ರತಿಯೊಂದೂ ಬೇಕಾಗಿತ್ತು.

ಮೋಟೆಬೆನ್ನೂರಿನಲ್ಲಿ ಹೆದ್ದಾರಿಯ ಬದಿಗೆ ಸ್ಟ್ಯಾಂಡು ನಿಲ್ಲಿಸಿದಾಗ ನಾಗಪ್ಪ ಎಂಬ ಹಿರಿಯರು ಕೋಲೂರಿಕೊಂಡು ಬಂದು ಎದುರು ನಿಂತರು. ಇಂಥ ಮೂರುಕಾಲಿನ ಯಂತ್ರ ಬಂದಾಗಲೆಲ್ಲ ಅವರ ಹೊಲದ ಒಂದು ಪಟ್ಟಿ ರಸ್ತೆಗೆ ಹೋಗಿತ್ತು.

"ಮತ್ತ ಅಗಲ ಮಾಡ್ತೀರೇನ್ರಿ ರೋಡ?"

"ಇಲ್ರಿ ಅಜ್ಜಾರ. ಬಣ್ಣದ ಸರ್ವೇ ಮಾಡಾಕತ್ತೇವ್ರಿ. ಹಗಲಾಗ ಯಾವ ಬಣ್ಣ, ಕತ್ತಲಾಗ ಹೆಂಗ ಕಾಣ್ತೈತಿ ಅಂತ."

ನಾಗಪ್ಪ ಸ್ವಲ್ಪ ಯೋಚಿಸಿದರು.

"ಹಂಗಾರ ನಮ್ಮ ಎತ್ತಿಂದೂ ತಗೋರಿ. ಅಂಥಾ ಬಣ್ಣ ಈ ಕಡೆ ಯಾರ ಮನ್ಯಾಗೂ ಇಲ್ಲ."

ಅಲುಗುವ ಜೀವದ ಜೋಡಿ ಚಿತ್ರ ತೆಗೆಯಲಾಗುವುದಿಲ್ಲ ಎಂದು ಶಬನಮ್ ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಎತ್ತನ್ನು ತಂದು ಕ್ಯಾಮೆರಾದ ಮುಂದೆ ಕಟ್ಟಿ, ಮೇವು ಹಾಕಿ, ಕತ್ತಲಾಗುವವರೆಗೆ ಅದರ ಕೊರಳು ತುರಿಸುತ್ತ ಪಕ್ಕದಲ್ಲೇ ಕೂತರು. ಎತ್ತು ಮಲಗಿ ಮೆಲುಕು ಹಾಕಿತೇ ಹೊರತು ಏಳಲಿಲ್ಲ. ಕಂದು ಬೆನ್ನಿನ, ಬಿಳಿ ಹಣೆಯ ಆ ಎತ್ತಿನ ಜೋಡಿ ಚಿತ್ರ ಬಂತು. ದಾರಿಯಲ್ಲಿ ಮಲಗಿದ ದನವನ್ನು ಯಂತ್ರ ಗುರುತಿಸಲು ಕಲಿತದ್ದು ಅಲ್ಲಿಂದ.

ಅಗಡಿಯಲ್ಲಿ ಸಾನಿಯಾ ಪಟ್ಟಿ ಕಟ್ಟಿದ ಕಾಲನ್ನು ಚಾಚಿಕೊಂಡು ದಿನಾ ಸಂಜೆ ಕಟ್ಟೆಯ ಮೇಲೆ ಕೂಡುತ್ತಿದ್ದಳು. ಗಾಜು ಬದಲಿಸಿದ ಕನ್ನಡಕ ಅವಳ ಬಳಿಯೇ ಇತ್ತು. ಹೊಸದಾಗಿ ಕಲಿಸಿದ್ದನ್ನು ಶಬನಮ್ ಅದಕ್ಕೆ ತುಂಬಿ ಕೊಡುವಳು. ಸಾನಿಯಾ ಕಂಡದ್ದನ್ನು ಹೇಳುವಳು, ಹೌದೋ ಅಲ್ಲವೋ ಎಂದು ಮನೆಯವರು ಹೇಳುವರು. ಓಣಿಯ ಜನಕ್ಕೆ ಅದೊಂದು ಆಟವಾಯಿತು. ಒಬ್ಬಳು ಸೆರಗು ಹಿಡಿದು ಬಣ್ಣ ಕೇಳುವಳು. ಇನ್ನೊಬ್ಬಳು ಬದನೆಕಾಯಿ ತಂದು ತೋರಿಸುವಳು. ತಪ್ಪುಗಳು ಕಡಿಮೆಯಾದವು, ಆದರೆ ನಿಲ್ಲಲಿಲ್ಲ. ಬೆಳಕು ತೀರ ಕಡಿಮೆ ಇದ್ದಲ್ಲಿ, ಹಿಂದೆಂದೂ ಕಾಣದ ವಸ್ತು ಎದುರಾದಲ್ಲಿ, ಅದು ಏನಾದರೊಂದು ಬಣ್ಣ ಹಚ್ಚಿಯೇ ಬಿಡುತ್ತಿತ್ತು. ಒಂದು ಸಂಜೆ ನೆರೆಮನೆಯ ಹಂಚಿನ ಚೂರುಗಳು ಹುಲ್ಲಿನ ಹಸಿರಾಗಿ ಕಂಡವು. ಅಂದು ಜೊತೆಗೆ ಬಂದಿದ್ದ ಕೌಸ್ತುಭ ತಲೆಯ ಮೇಲೆ ಕೈ ಹೊತ್ತು ಕೂತ. ಲೋಕದಲ್ಲಿರುವುದನ್ನೆಲ್ಲ ಜೋಡಿ ಚಿತ್ರ ತೆಗೆದು ಮುಗಿಸುವುದು ಯಾವಾಗ?

ಸಾನಿಯಾ ಕನ್ನಡಕವನ್ನು ಹಣೆಗೇರಿಸಿ ಅವನ ಕಡೆ ತಿರುಗಿದಳು.

"ಅಣ್ಣಾ, ಅದಕ್ಕ ಗೊತ್ತಿಲ್ಲದ್ದು ಅದಕ್ಕ ಗೊತ್ತಾಗ್ತೈತೇನು?"

ಪ್ರತಿ ಚುಕ್ಕೆಗೂ ಯಂತ್ರಕ್ಕೆ ಎಷ್ಟು ಖಾತ್ರಿ ಇದೆ ಎಂಬ ಲೆಕ್ಕ ಒಳಗೆ ಇರುತ್ತದೆ, ಅದನ್ನು ಹೊರಗೆ ತೋರಿಸುವುದಿಲ್ಲ ಎಂದು ಕೌಸ್ತುಭ ಹೇಳಿದ.

"ಹಂಗಾರ ಗೊತ್ತಿಲ್ಲದಲ್ಲಿ ಬಣ್ಣ ಹಚ್ಚಬ್ಯಾಡ್ರಿ. ಬೂದಿ ಬಣ್ಣ ಇರ್ಲಿ. ಬೂದಿ ಕಂಡಲ್ಲಿ ನಾ ನಿಂತು, ಕಾಲಿಲೆ ತಡವಿ ಹೋಗ್ತೇನಿ. ಅದೇನು ನನಗ ಹೊಸಾದಲ್ಲ."

ಕೌಸ್ತುಭನಿಗೆ ಅದು ರುಚಿಸಲಿಲ್ಲ. ಬಣ್ಣದ ನಡುವೆ ಬೂದಿಯ ತೇಪೆಗಳಿದ್ದರೆ ನೋಡಿದವರು ಇದೇನು ಅರ್ಧಂಬರ್ಧ ಕೆಲಸ ಎನ್ನುವುದಿಲ್ಲವೇ? ಇಷ್ಟು ಕಷ್ಟಪಟ್ಟು ತಂದ ಬಣ್ಣವನ್ನು ನಾವೇ ಅಳಿಸುವುದೇ? ಶಬನಮ್ ಸಾನಿಯಾಳ ಪರ ನಿಂತಳು, ರಾಣೆಬೆನ್ನೂರಿಗೆ ಮರಳುವ ದಾರಿಯುದ್ದಕ್ಕೂ ಅವಳೂ ಕೌಸ್ತುಭನೂ ವಾದ ಮಾಡಿದರು. ಜಾನಕೀಬಾಯಿ ಬಡಿಸಿದ ಭಕ್ರಿ ಆರುವವರೆಗೂ ವಾದ ನಡೆಯಿತು. ಕೊನೆಗೆ ಶಬನಮ್ ಮೈಲಾರೆಪ್ಪನ ಬಿಳಿ ಅಂಗಿಯ ಸಂಗತಿ ಹೇಳಿದಳು. ಕೌಸ್ತುಭ ಅದನ್ನು ಹಿಂದೆ ಕೇಳಿರಲಿಲ್ಲ. ಅವನು ಕೈ ತೊಳೆದು ಬಂದು ಕಂಪ್ಯೂಟರ್ ತೆರೆದ.

"ಭಕ್ರಿ ಬಿಟ್ಟು ಎದ್ದೀಯಲ್ಲೋ," ಎಂದರು ಅಜ್ಜಿ. "ಬೂದಿನೋ ಕೆಂಪೋ, ಹೊಟ್ಟಿ ತುಂಬಿದ ಮ್ಯಾಲೆ ಹಚ್ಚಲಿಕ್ಕೆ ಬರೂದಿಲ್ಲೇನು?"

ಹೊಸ ಕನ್ನಡಕದಲ್ಲಿ ಲೋಕ ಮೊದಲಿನಷ್ಟು ಝಗಝಗಿಸುತ್ತಿರಲಿಲ್ಲ. ಗೊತ್ತಿದ್ದದ್ದು ಬಣ್ಣದಲ್ಲಿ, ಗೊತ್ತಿಲ್ಲದ್ದು ಬೂದಿಯಲ್ಲಿ. ಹತ್ತಿರ ಹೋದಂತೆ, ಬೆಳಕು ಹೆಚ್ಚಿದಂತೆ, ಬೂದಿಯೊಳಗಿಂದ ಬಣ್ಣ ಮೆಲ್ಲಗೆ ಎದ್ದು ಬರುತ್ತಿತ್ತು. ಎದುರಿನ ಗಾಡಿಯ ದೀಪ ಬಿದ್ದರೆ ಆ ಒಂದು ಜಾಗ ಮಾತ್ರ ಮಬ್ಬಾಗಿ ಉಳಿದ ದಾರಿ ಹಾಗೆಯೇ ಇರುತ್ತಿತ್ತು. ಅದನ್ನು ಕಣ್ಣಿಗೆ ಹಚ್ಚಿಕೊಂಡು ನಬಿಸಾಬರು ಅಂಗಡಿಯ ಹಿಂದಿನ ಕತ್ತಲ ಓಣಿಯಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಬಂದರು. ಮರುದಿನ ಚಹದ ಅಂಗಡಿಯಲ್ಲಿ ಯಾರು ಕೇಳಿದರೂ ಕೇಳದಿದ್ದರೂ ಹೇಳುತ್ತಿದ್ದರು: ಸುಳ್ಳು ಹೇಳದ ಕ್ಯಾಮೆರಾ ಈ ಭೂಮಿಯ ಮೇಲೆ ಒಂದೇ ಇದೆ, ಅದನ್ನು ನನ್ನ ಮಗಳು ಮಾಡಿದ್ದಾಳೆ.

ಸಾನಿಯಾಳ ಕಾಲು ವಾಸಿಯಾಯಿತು. ತಂದೆ ಕೊಟ್ಟ ಮಾತಿನ ಗಡುವೂ ಮುಗಿಯಿತು. ಅಬ್ದುಲರಜಾಕರು ಕನ್ನಡಕವನ್ನು ಕೈಯಲ್ಲಿ ತಿರುಗಿಸಿ ನೋಡಿದರು, ಹಾಕಿಕೊಳ್ಳಲಿಲ್ಲ. ಒಂದು ಸಂಜೆ ಮಾತ್ರ ಎಂದರು. ಅಂದು ಆಕೆ ಒಬ್ಬಳೇ, ಏನೂ ಆಗದೆ ಮನೆ ಮುಟ್ಟಿದರೆ ಓದು ಮುಂದುವರಿಯಲಿ, ಇಲ್ಲವಾದರೆ ಇದೇ ಕೊನೆ. ನಾನು ಬಸ್ ಸ್ಟ್ಯಾಂಡಿಗೆ ಬರುವುದಿಲ್ಲ, ಅಂಗಡಿಯಲ್ಲೇ ಇರುತ್ತೇನೆ ಎಂದೂ ಹೇಳಿದರು. ಶಬನಮ್ ಹಾವೇರಿಯಿಂದ ಅದೇ ಬಸ್ಸಿನಲ್ಲಿ ಬರುವುದು, ಆದರೆ ಬಹಳ ಹಿಂದೆ ಉಳಿದು ನಡೆಯುವುದು, ಮಾತಾಡಿಸಬಾರದು ಎಂದು ಒಪ್ಪಂದವಾಯಿತು.

ಅಮಾವಾಸ್ಯೆಯ ಆಸುಪಾಸಿನ ಸಂಜೆ. ಬೀದಿ ದೀಪಗಳು ಊರ ನಡುವೆ ಮಾತ್ರ ಇದ್ದವು. ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ಸಾನಿಯಾ ಕನ್ನಡಕ ಏರಿಸಿ, ಸೊಂಟದ ಡಬ್ಬಿಯ ಗುಂಡಿ ಒತ್ತಿ, ಓಢಣಿ ಸರಿಮಾಡಿಕೊಂಡು ಹೊರಟಳು. ಹಿಂದೆ ನಡೆಯುತ್ತಿದ್ದ ಶಬನಮ್‌ಗೆ ಕಾಣುತ್ತಿದ್ದದ್ದು ಅವಳ ತಿಳಿಬಣ್ಣದ ಓಢಣಿಯ ಅಂಚು ಮಾತ್ರ. ಆ ಅಂಚು ಒಂದು ಕಡೆ ನಿಂತಿತು. ಸಾನಿಯಾ ಕಾಲು ಮುಂದೆ ಚಾಚಿ ನೆಲ ತಡವಿದಳು, ಒಂದು ಹೆಜ್ಜೆ ಇಟ್ಟಳು, ಮತ್ತೊಂದು ಇಟ್ಟಳು, ನಡೆದಳು. ಶಬನಮ್ ಅಲ್ಲಿಗೆ ಬಂದು ಮೊಬೈಲಿನ ಬೆಳಕು ಬಿಟ್ಟಳು. ಅಂದೇ ನಳದ ಪೈಪಿಗೆಂದು ಅಗೆದು ಮುಚ್ಚಿದ ಹಸಿಮಣ್ಣು. ಆ ಮಣ್ಣು ಯಾವ ಚಿತ್ರದಲ್ಲೂ ಇರಲಿಲ್ಲ. ಯಂತ್ರ ಅಲ್ಲಿ ಬೂದಿ ತೋರಿಸಿತ್ತು.

ಮುಂದೆ ಒಂದು ಎಮ್ಮೆ ದಾರಿಗಡ್ಡ ಮಲಗಿತ್ತು. ಸಾನಿಯಾ ಸುತ್ತಿ ಹೋದಳು. ಒಂದು ಮೋಟಾರ್‌ಸೈಕಲ್ ಮುಖಕ್ಕೇ ದೀಪ ಹೊಡೆದು ಹೋಯಿತು. ಅವಳ ನಡಿಗೆ ತಪ್ಪಲಿಲ್ಲ. ಊರು ದಾಟಿ, ತನ್ನ ಓಣಿಯ ತಿರುವಿನಲ್ಲಿದ್ದ ದೊಡ್ಡ ಹುಣಸೆ ಮರದ ಬಳಿ ಬಂದು ಮತ್ತೆ ನಿಂತಳು. ಈ ಸಲ ಕಾಲು ಚಾಚಲಿಲ್ಲ. ಕತ್ತು ಓರೆ ಮಾಡಿ ಮರದ ಕಡೆ ನೋಡಿದಳು.

"ಅಬ್ಬಾಜಾನ್, ಗಿಡದ ಹಿಂದ ಯಾಕ ನಿಂತೀರಿ?"

ಮರದ ಹಿಂದೆ ಏನೋ ಸರಿದ ಸದ್ದಾಯಿತು.

"ಕೊರಳಾಗ ಟೇಪ್ ಹಂಗೇ ಐತಿ ನೋಡ್ರಿ, ಹಳದೀದು. ಅಂಗಡಿ ತೆರದಿಟ್ಟ ಬಂದೀರೇನು?"

ಅಬ್ದುಲರಜಾಕರು ಮರದ ಹಿಂದಿನಿಂದ ಬಂದರು. ಕೊರಳಿಗೆ ಕೈ ಹಾಕಿ ಟೇಪನ್ನು ಮುಟ್ಟಿ ನೋಡಿಕೊಂಡರು. ಮಗಳ ಎದುರು ನಿಂತರು. ಅವರ ಹುಬ್ಬು ನರೆತದ್ದನ್ನು ಹಗಲಿನಲ್ಲಿ ದಿನಾ ನೋಡುವ ಹುಡುಗಿ, ಈಗ ಕತ್ತಲೆಯಲ್ಲಿ, ಬಹಳ ಹೊತ್ತು ಆ ಮುಖವನ್ನು ನೋಡುತ್ತ ನಿಂತಳು.

"ಅಳಾಕತ್ತೀರಿ," ಎಂದಳು. "ಅದೂ ಕಾಣ್ತೈತಿ."

"ಧೂಳು ಹೊಕ್ಕೈತಿ," ಎಂದರು ಅವರು.

ಅಷ್ಟರಲ್ಲಿ ಶಬನಮ್ ಬಂದು ಕೂಡಿಕೊಂಡಳು. ಖಾಲೂ ಅವಳ ತಲೆಯ ಮೇಲೆ ಕೈ ಇಟ್ಟು, ಸ್ವಲ್ಪ ಹೊತ್ತು ತೆಗೆಯಲಿಲ್ಲ. ನಬಿಸಾಬರಿಗೆ ಈಗಲೇ ಫೋನ್ ಮಾಡು, ಇಲ್ಲವಾದರೆ ಅವರು ಬ್ಯಾಡಗಿಯಿಂದ ನಡೆದೇ ಬಂದಾರು ಎಂದರು. ಮನೆಗೆ ಬಂದು ಚಹ ಕುಡಿಯಿರಿ ಎಂದು ಸಾನಿಯಾ ಇಬ್ಬರನ್ನೂ ಕರೆದಳು.

ಅಬ್ದುಲರಜಾಕರು ಹೋಗಲಿಲ್ಲ. ಹೊಲಿದು ಕೊಡಬೇಕಾದ ಜಂಪರುಗಳಿವೆ, ಹೊಲಿಸಲು ಕೊಟ್ಟವರು ಬಂದು ನಿಂತಿರುತ್ತಾರೆ ಎಂದರು. ಎರಡು ಹೆಜ್ಜೆ ಹೋಗಿ ತಿರುಗಿದರು.

"ನಾಳಿಂದ ಸಂಜೀಕ ಅಂಗಡಿ ಮುಚ್ಚೂದಿಲ್ಲ. ನೀ ಮನೀಗೆ ಹೋಗೂ ದಾರ್‍ಯಾಗ ನನಗೊಂದ ಕೂಗು ಹಾಕಿ ಹೋಗು."

ಆಯಿತು ಎಂದು ಸಾನಿಯಾ ಮನೆಯ ಕಡೆ ತಿರುಗಿದಳು, ಶಬನಮ್‌ಳನ್ನು ಕೈಹಿಡಿದು ಕರೆದುಕೊಂಡು. ಕತ್ತಲ ಓಣಿಯಲ್ಲಿ ಶಬನಮ್ ಒಂದು ಕಲ್ಲಿಗೆ ಎಡವಿದಳು. ನೋಡಿಕೊಂಡು ನಡಿ ಆಪಾ ಎಂದು ಸಾನಿಯಾ ಅವಳ ಕೈಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡಳು.